ಮಗಳಿಗೊಂದು ಪತ್ರ: ಶಾರ್ಲೆಟ್‌ನಿಂದ ನಮ್ಮನೆಗೆ ದಾರಿ

ಪ್ರೀತಿಯ ಪುಟ್ಟಿ,

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜಕ್ಕೆ ಟಿಕೆಟ್ ಮಾಡಿಸಿದ್ದೀಯ ಅಂತ ಅಪ್ಪ ಹೇಳಿದರು. ಡಲ್ಲಾಸ್‌ನಿಂದ ಬಂದು ಶಾರ್ಲೆಟ್‌ನಲ್ಲಿ ಇಳಿದು, ಬಾಡಿಗೆ ಕಾರು ತಗೊಂಡು, ವೆಸ್ಟ್ ವರ್ಜೀನಿಯಾದ ನಮ್ಮ ಬೆಟ್ಟದ ಊರಿಗೆ ನೀನೇ ಓಡಿಸಿಕೊಂಡು ಬರ್ತೀಯಂತೆ. ಬಾ, ತುಂಬಾ ಸಂತೋಷ. ಆದರೆ ಫೋನಿನಲ್ಲಿ ದಾರಿ ಹೇಳೋಕೆ ಹೋದರೆ "ಮ್ಯಾಪ್ ಇದೆಯಲ್ಲ ಅಮ್ಮ" ಅಂತ ಬಾಯಿ ಮುಚ್ಚಿಸಿಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಬರೀತೀನಿ, ನಿಧಾನವಾಗಿ ಓದಿಕೋ. ಅಡುಗೆಮನೆ ಮೇಜಿನ ಮೇಲೆ ಕೂರಿಸಿ ಕಲಿಸಿದ ಒತ್ತಕ್ಷರ ಅಷ್ಟು ಬೇಗ ಮರೆತಿರಲಾರೆ.

ಮೊದಲು ಸಮಯದ ವಿಷಯ. ನಿನ್ನ ವಿಮಾನ ಬೆಳಿಗ್ಗೆ ಇಳಿಯುತ್ತೆ ಅಂತ ಕೇಳಿ ಅರ್ಧ ಚಿಂತೆ ಕಳೆಯಿತು. ನವೆಂಬರಿನಲ್ಲಿ ಇಲ್ಲಿ ಐದು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅದು ಪಂಚಾಂಗದ ಲೆಕ್ಕ. ನಮ್ಮ ಕಣಿವೆಯಲ್ಲಿ ಅದಕ್ಕೂ ಎಷ್ಟೋ ಮೊದಲೇ ಬಿಸಿಲು ಬೆಟ್ಟದ ಹಿಂದೆ ಹೋಗಿಬಿಟ್ಟಿರುತ್ತೆ. ಬ್ಲೂಫೀಲ್ಡ್ ತನಕ ಎರಡೂವರೆ ಗಂಟೆ, ಅಲ್ಲಿಂದ ವೆಲ್ಚ್ ಕಡೆಗೆ ಇನ್ನೊಂದು ಗಂಟೆ ಅಂತಿಟ್ಟುಕೋ. ಇಲ್ಲಿ ಯಾರೂ ದೂರವನ್ನು ಮೈಲಿಯಲ್ಲಿ ಹೇಳೋದಿಲ್ಲ, ಗಂಟೆಯಲ್ಲಿ ಹೇಳ್ತಾರೆ. ಡಲ್ಲಾಸ್‌ನಲ್ಲಿ ಮೂವತ್ತು ಮೈಲಿ ಅಂದರೆ ಎಷ್ಟು ಹೊತ್ತು ಅಂತ ಟ್ರಾಫಿಕ್ ಹೇಳುತ್ತೆ. ಇಲ್ಲಿ ಬೆಟ್ಟ ಹೇಳುತ್ತೆ. ಎರಡು ಊರಿನ ಮಧ್ಯೆ ಮ್ಯಾಪಿನಲ್ಲಿ ಬೆರಳಗಲ ಜಾಗ ಕಂಡರೂ, ನಡುವೆ ಎಂಥ ಗುಡ್ಡ ಇದೆ ಅಂತ ತಿಳಿಯದೆ ಏನೂ ಹೇಳೋಕಾಗಲ್ಲ.

ಐ-77 ಹೆದ್ದಾರಿ ಹಿಡಿದು ಉತ್ತರಕ್ಕೆ ಬಾ. ನಾರ್ತ್ ಕ್ಯಾರೊಲಿನಾ ಇರುವಷ್ಟು ದೂರ ಕಷ್ಟವೇನಿಲ್ಲ, ಪಾಡ್‌ಕಾಸ್ಟ್ ಕೇಳ್ಕೊಂಡು ಬರಬಹುದು. ವರ್ಜೀನಿಯಾ ಗಡಿ ದಾಟಿದ ಕೂಡಲೇ ರಸ್ತೆ ಒಂದೇ ಸಮ ಏರೋಕೆ ಶುರುಮಾಡುತ್ತೆ. ಅದು ಬ್ಲೂ ರಿಡ್ಜ್ ಬೆಟ್ಟ, ಏರು ಮುಗಿಯುವ ಜಾಗಕ್ಕೆ ಫ್ಯಾನ್ಸಿ ಗ್ಯಾಪ್ ಅಂತ ಹೆಸರು. ಕೆಳಗೆ ಬಿಸಿಲಿದ್ದರೂ ಅಲ್ಲಿ ಮಂಜು ಕವಿದಿರಬಹುದು. ಬಯಲಿನ ಕಡೆಯಿಂದ ಬರುವ ತೇವದ ಗಾಳಿ ಬೆಟ್ಟ ಹತ್ತುತ್ತಾ ತಣ್ಣಗಾಗಿ ಮೋಡವಾಗುತ್ತೆ. ನಾವು ಅದನ್ನು ಮಂಜು ಅಂತೀವಿ, ನಿಜಕ್ಕೂ ಮೋಡದೊಳಗೇ ಕಾರು ಓಡಿಸಿರ್ತೀವಿ. 2013ರ ಮಾರ್ಚ್ 31, ಈಸ್ಟರ್ ಭಾನುವಾರ, ಇದೇ ಜಾಗದಲ್ಲಿ ಮಂಜಿನಲ್ಲಿ 95 ವಾಹನಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಮೂವರು ಸತ್ತರು. ಆಮೇಲೆ ಅಲ್ಲಿ ಸ್ಪೀಡ್ ಲಿಮಿಟ್ ಬದಲಾಗುವ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಹಾಕಿದ್ದಾರೆ. ಮಂಜು ದಟ್ಟವಾದಷ್ಟೂ ಬೋರ್ಡಿನ ಸಂಖ್ಯೆ ಇಳಿಯುತ್ತೆ. ಹಿಂದಿನವರು ಎಷ್ಟೇ ಒತ್ತಿಕೊಂಡು ಬರಲಿ, ನೀನು ಬೋರ್ಡಿನ ಮಾತು ಕೇಳು. ಹೈ ಬೀಮ್ ಹಾಕಬೇಡ, ಮುಂದೆ ಬಿಳಿ ಗೋಡೆ ಎದ್ದು ನಿಂತ ಹಾಗೆ ಕಾಣುತ್ತೆ. ಬಲಗಡೆಯ ಬಿಳಿ ಗೆರೆ ನೋಡ್ತಾ ಬಾ.

ವಾಪಸ್ ಹೋಗುವಾಗ ಅದೇ ಬೆಟ್ಟ ಇಳಿಜಾರು. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲಿ ಅಂತ ರಸ್ತೆ ಪಕ್ಕ ಜಲ್ಲಿಕಲ್ಲು ಸುರಿದು ಮೇಲೇರುವ ಹಾದಿ ಮಾಡಿದ್ದಾರೆ. ಅದರ ಬಾಯಿಗೆ ಅಡ್ಡವಾಗಿ ಯಾವತ್ತೂ ಕಾರು ನಿಲ್ಲಿಸಬೇಡ. ಫೋಟೋ ತೆಗೆಯೋಕಂತೂ ಬೇಡವೇ ಬೇಡ.

ವಿದ್‌ವಿಲ್ ಹತ್ತಿರ ಒಂದು ತಮಾಷೆ ಇದೆ. ಅಲ್ಲಿ ಸ್ವಲ್ಪ ದೂರ ಐ-77 ಮತ್ತು ಐ-81 ಒಂದೇ ರಸ್ತೆಯಲ್ಲಿ ಓಡುತ್ತವೆ. ಬೋರ್ಡಿನಲ್ಲಿ ನೀನು 77ರಲ್ಲಿ ಉತ್ತರಕ್ಕೂ, 81ರಲ್ಲಿ ದಕ್ಷಿಣಕ್ಕೂ ಹೋಗ್ತಿರ್ತೀಯ. ನಿಜ ಹೇಳಬೇಕೆಂದರೆ ಕಾರು ಹೋಗ್ತಿರೋದು ಪಶ್ಚಿಮಕ್ಕೆ! ಗಾಬರಿಯಾಗಿ ಲೇನ್ ಬದಲಿಸಬೇಡ, 77 ಅಂತ ಬರೆದಿದ್ದನ್ನು ಮಾತ್ರ ನೋಡ್ಕೊಂಡು ಬಾ. ಆಮೇಲೆ ಎರಡು ಸುರಂಗ. ಮೊದಲನೆಯದು ಬಿಗ್ ವಾಕರ್ ಬೆಟ್ಟದ ಕೆಳಗೆ, 1972ರದ್ದು. ಎರಡನೆಯದು ಈಸ್ಟ್ ರಿವರ್ ಬೆಟ್ಟದ್ದು, 1974ರದ್ದು, ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ ಉದ್ದ. ವರ್ಜೀನಿಯಾ ಮುಗಿದು ವೆಸ್ಟ್ ವರ್ಜೀನಿಯಾ ಶುರುವಾಗೋದು ಆ ಸುರಂಗದ ಒಳಗೇ. ಆ ಕಡೆ ಒಣ ರಸ್ತೆ ಇದ್ದು ಈ ಕಡೆ ಹಿಮ ಬೀಳ್ತಿರೋದೂ ಉಂಟು. ಸುರಂಗದ ಬಾಯಿಂದ ಹೊರಗೆ ಬರುವ ಮೊದಲೇ ವೇಗ ಇಳಿಸಿಕೋ.

ಸುರಂಗ ದಾಟಿದರೆ ಮೊದಲನೇ ಎಕ್ಸಿಟ್ಟೇ ಬ್ಲೂಫೀಲ್ಡ್. 2,600 ಅಡಿ ಎತ್ತರದ ತಂಪು ಊರು. ಬೇಸಿಗೆಯಲ್ಲಿ ಎಂದಾದರೂ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿತೋ, ಊರಿನವರಿಗೆಲ್ಲ ಬಿಟ್ಟಿ ನಿಂಬೆ ಪಾನಕ ಹಂಚ್ತಾರೆ. ಪಾನಕ ಹಂಚೋಕೆ ರಾಮನವಮಿಯೇ ಆಗಬೇಕಿಲ್ಲ ನೋಡು. ಅಲ್ಲಿ ಪೆಟ್ರೋಲ್ ತುಂಬಿಸು, ಟಾಯ್ಲೆಟ್‌ಗೆ ಹೋಗಿ ಬಾ, ನನಗೊಂದು ಫೋನ್ ಮಾಡು. ಇದು ಮುಖ್ಯ. ಅಲ್ಲಿಂದ ಮುಂದೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮ್ಯಾಪನ್ನು ಡಲ್ಲಾಸ್‌ನಲ್ಲೇ ಡೌನ್‌ಲೋಡ್ ಮಾಡಿಟ್ಟುಕೋ. ಹತ್ತು ನಿಮಿಷ ಉಳಿಯುತ್ತೆ ಅಂತ ಮ್ಯಾಪು ಎಲ್ಲೋ ಬೆಟ್ಟದ ಮೇಲಿನ ದಾರಿ ತೋರಿಸಿದರೆ ನಂಬಬೇಡ. ಆ ದಾರಿ ಯಾರದೋ ಕೊಟ್ಟಿಗೆ ಮುಂದೆ ಮಣ್ಣಾಗಿ ಮುಗಿಯುತ್ತೆ. ರೂಟ್ 52 ಬಿಡಬೇಡ.

ಇನ್ನು ರೂಟ್ 52. ನನಗೆ ಹೇಳಬೇಕಾಗಿರೋದು ಇದರ ಬಗ್ಗೆಯೇ.

ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಎಲ್ಕ್‌ಹಾರ್ನ್ ಹಳ್ಳ, ಹಳ್ಳದ ಪಕ್ಕ ರೈಲ್ವೆ ಹಳಿ. ಉಳಿದ ಜಾಗದಲ್ಲಿ ರಸ್ತೆ, ರಸ್ತೆಗೆ ಅಂಟಿಕೊಂಡೇ ಮನೆಗಳು. ನಾನು ಚಿಕ್ಕವಳಿದ್ದಾಗ ಕೊಪ್ಪದಿಂದ ಉಡುಪಿಗೆ ಹೋಗುವಾಗ ಆಗುಂಬೆ ಘಾಟಿ ಇಳಿದಿದ್ದೇನೆ. ಘಾಟಿ ನನಗೆ ಹೊಸದಲ್ಲ. ಅಲ್ಲಿ ಪ್ರತಿ ತಿರುವಿಗೂ ಹಾರ್ನ್ ಹೊಡೀತಾರೆ, ಎದುರಿನವನು ಎಲ್ಲಿದ್ದಾನೆ ಅಂತ ಕಿವಿಗೆ ಗೊತ್ತಾಗುತ್ತೆ. ಇಲ್ಲಿ ಯಾರೂ ಹಾರ್ನ್ ಮುಟ್ಟೋದಿಲ್ಲ. ಹೊಡೆದರೆ ಬೈದ ಹಾಗೆ. ಎದುರಿಗೆ ಲಾರಿ ಬರ್ತಿದೆಯೋ ಇಲ್ಲವೋ ಅಂತ ಕಣ್ಣಿಂದಲೇ ತಿಳಿಯಬೇಕು, ತಿರುವಿನಲ್ಲಿ ಕಣ್ಣಿಗೆ ಏನೂ ಕಾಣಲ್ಲ. ಹಾಗಾಗಿ ಪ್ರತಿ ತಿರುವಿನ ಆಚೆಯೂ ಒಂದು ಕಲ್ಲಿದ್ದಲು ಲಾರಿ ಇದೆ ಅಂದುಕೊಂಡೇ ತಿರುಗಿಸು. ಆ ಲಾರಿಗಳು ಎಷ್ಟು ಭಾರ ಗೊತ್ತಾ? ಈ ಭಾಗದ ಕೆಲವು ಗೊತ್ತುಪಡಿಸಿದ ರಸ್ತೆಗಳಲ್ಲಿ 1,20,000 ಪೌಂಡ್ ತನಕ ಹೇರಬಹುದು ಅಂತ 2003ರಲ್ಲಿ ಕಾನೂನೇ ಮಾಡಿದ್ದಾರೆ. ಐವತ್ನಾಲ್ಕು ಟನ್ ಹತ್ತಿರ. ಅಷ್ಟು ಭಾರ ಹೊತ್ತವನು ತಿರುವಿನಲ್ಲಿ ಹಳದಿ ಗೆರೆ ಸ್ವಲ್ಪ ತುಳಿದರೆ ಅವನ ಜೊತೆ ವಾದಕ್ಕಿಳಿಯೋ ಹಾಗಿಲ್ಲ. ನೀನು ಬಲಕ್ಕೆ ಒತ್ತಿಕೊಂಡಿರಬೇಕು. ತಿರುವಿಗೆ ಮೊದಲು ಹಳದಿ ಬೋರ್ಡಿನಲ್ಲಿ 15 ಅಂತ ಇದ್ದರೆ 15 ಅಂತಲೇ ಅರ್ಥ. ಡಲ್ಲಾಸ್‌ನಲ್ಲಿ ಬೋರ್ಡಿಗಿಂತ ಹತ್ತು ಜಾಸ್ತಿ ಓಡಿಸಿ ಅಭ್ಯಾಸ ನಿನಗೆ, ನನಗೆ ಗೊತ್ತು.

ನನಗೆ ಇಲ್ಲಿ ಗಾಡಿ ಓಡಿಸೋಕೆ ಹೇಳಿಕೊಟ್ಟವರು ಎದುರು ಮನೆ ಅಜ್ಜಿ. ಜೀವಮಾನವೆಲ್ಲ ಸ್ಕೂಲ್ ಬಸ್ ಓಡಿಸಿ ನಿವೃತ್ತಿಯಾದವರು. ಟೆಕ್ಸಾಸ್‌ನಲ್ಲಿ ಅಷ್ಟು ವರ್ಷ ಕಾರು ಓಡಿಸಿದವಳಿಗೆ ಹೇಳಿಕೊಡೋದೇನು ಅಂತೀಯಾ? ಪಕ್ಕದ ಸೀಟಿನಲ್ಲಿ ಕೂತು, ಮಡಿಲಲ್ಲಿ ಪರ್ಸ್ ಇಟ್ಟುಕೊಂಡು, ಮೊದಲ ಇಳಿಜಾರಿನಲ್ಲೇ ನನ್ನ ಕಾಲಿನ ಕಡೆ ನೋಡಿದರು. ನಾನು ಬ್ರೇಕ್ ಮೇಲಿಂದ ಕಾಲೇ ತೆಗೆದಿರಲಿಲ್ಲ. "ಹನಿ, ಬ್ರೇಕಿಗೂ ಸ್ವಲ್ಪ ಉಸಿರಾಡೋಕೆ ಬಿಡು" ಅಂದರು. ಗೇರನ್ನು ಕೆಳಗಿಳಿಸು, ಎಂಜಿನ್ನೇ ಕಾರನ್ನು ಹಿಡಿದುಕೊಳ್ಳಲಿ, ಬ್ರೇಕನ್ನು ಒತ್ತು, ಬಿಡು, ಮತ್ತೆ ಒತ್ತು. ಕೆಳಗೆ ಬಂದ ಮೇಲೆ ಕಿಟಕಿ ಇಳಿಸಿ ಮೂಸಿ ನೋಡು ಅಂತ ಹೇಳಿದರು. ಸುಟ್ಟ ವಾಸನೆ ಬಂದರೆ ಇಳಿದದ್ದು ಸರಿಯಿಲ್ಲ ಅಂತ. ಹತ್ತಿದ ಗೇರಿನಲ್ಲೇ ಇಳಿ ಅಂತ ನಮ್ಮ ಘಾಟಿ ಡ್ರೈವರ್‌ಗಳು ಹೇಳೋದೂ ಇದನ್ನೇ ಅಲ್ವಾ? ಆಟೋಮ್ಯಾಟಿಕ್ ಕಾರಿನಲ್ಲಿ ನಾವು ಅದನ್ನು ಮರೆತಿರ್ತೀವಿ. ನಿನ್ನ ಬಾಡಿಗೆ ಕಾರಿನಲ್ಲಿ ಗೇರು ಇಳಿಸೋಕೆ ಎಲ್ ಇದೆಯೋ, ಎಸ್ ಇದೆಯೋ, ಪ್ಲಸ್ಸು ಮೈನಸ್ಸು ಇದೆಯೋ, ಏರ್‌ಪೋರ್ಟಿನ ಪಾರ್ಕಿಂಗ್‌ನಲ್ಲೇ ನೋಡಿಕೊಂಡು ಹೊರಡು. ಬೆಟ್ಟದ ಮೇಲೆ ಹುಡುಕಬೇಡ.

ಅಜ್ಜಿ ಹೇಳಿಕೊಟ್ಟ ಇನ್ನೊಂದು ವಿಷಯ, ದಾರಿ ಬಿಡೋದು. ಈ ಊರಿನವರಿಗೆ ಪ್ರತಿ ತಿರುವೂ ಬಾಯಿಪಾಠ. ನಿನ್ನ ಹಿಂದೆ ಒಂದು ಪಿಕಪ್ ಬಂದು ಅಂಟಿಕೊಳ್ಳುತ್ತೆ. ಅವನಿಗೆ ಸಿಟ್ಟು ಬಂದಿಲ್ಲ, ಶಿಫ್ಟಿಗೆ ಹೊತ್ತಾಗಿದೆ ಅಷ್ಟೆ. ಹೆದರಿ ವೇಗ ಜಾಸ್ತಿ ಮಾಡಬೇಡ. ಹಠ ಮಾಡಿ ಮುಂದೆಯೇ ಇರಲೂ ಬೇಡ. ಚರ್ಚಿನ ಮುಂದೆಯೋ, ಮುಚ್ಚಿದ ಅಂಗಡಿ ಮುಂದೆಯೋ ಅಗಲವಾದ ಜಾಗ ಸಿಕ್ಕೇ ಸಿಗುತ್ತೆ. ಸಿಗ್ನಲ್ ಹಾಕಿ ಪಕ್ಕಕ್ಕೆ ಸರಿ. ಅವನು ದಾಟಿ ಹೋಗುವಾಗ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾನೆ. ತೋರುಬೆರಳು, ತಪ್ಪು ತಿಳಿಯಬೇಡ! ಎದುರಿಗೆ ಬರುವವರೂ ಎತ್ತುತ್ತಾರೆ. ನೀನೂ ಎತ್ತು. ಅಪ್ಪ ಈಗ ಡಲ್ಲಾಸ್‌ಗೆ ಬಂದಾಗಲೂ ಸಿಗ್ನಲ್‌ನಲ್ಲಿ ಎಲ್ಲರಿಗೂ ಬೆರಳೆತ್ತುತ್ತಾರೆ, ನೋಡಿರಬೇಕಲ್ಲ ನೀನು.

ಶವಯಾತ್ರೆ ಎದುರಾದರೆ ಕಾರು ಪಕ್ಕಕ್ಕೆ ಹಾಕಿ ನಿಂತುಬಿಡು. ದೀಪ ಹಾಕಿಕೊಂಡು ಸಾಲಾಗಿ ಬರುವ ಕಾರುಗಳೆಲ್ಲ ದಾಟುವ ತನಕ ಎಲ್ಲರೂ ನಿಲ್ತಾರೆ, ಎಷ್ಟೇ ಅವಸರ ಇರಲಿ. ಸತ್ತವರು ಯಾರು ಅಂತ ಗೊತ್ತಿರಬೇಕಿಲ್ಲ. ಈ ಒಂದು ಪದ್ಧತಿ ನನಗೆ ಬಹಳ ಇಷ್ಟವಾಯಿತು.

ಜಿಂಕೆ ವಿಷಯ ನೀನು ನಗ್ತಾ ಕೇಳಿದ್ದೆ. ನಗುವ ವಿಷಯವಲ್ಲ ಕಣೇ. ನವೆಂಬರು ಅವುಗಳ ಬೆದೆಗಾಲ. ಗಂಡುಗಳಿಗೆ ರಸ್ತೆಯ ಪರಿವೆಯೇ ಇರಲ್ಲ. ಮುಂಜಾನೆ ಮತ್ತು ಮುಸ್ಸಂಜೆ ಜಾಸ್ತಿ. ಒಂದು ದಾಟಿತು ಅಂತ ವೇಗ ಜಾಸ್ತಿ ಮಾಡಬೇಡ, ಅದರ ಹಿಂದೆ ಇನ್ನೊಂದು ಇರುತ್ತೆ. ತೀರಾ ಎದುರಿಗೇ ಬಂದರೆ ನೇರವಾಗಿ ಬ್ರೇಕ್ ಹಾಕು, ಸ್ಟೀರಿಂಗ್ ಎಳೀಬೇಡ. ಜಿಂಕೆಗೆ ತಾಗಿದರೆ ಬಂಪರ್ ಹೋಗುತ್ತೆ. ತಪ್ಪಿಸೋಕೆ ಹೋದರೆ ಒಂದು ಕಡೆ ಹಳ್ಳ, ಒಂದು ಕಡೆ ಲಾರಿ. ನೀನು ಬರುವ ವಾರವೇ ಬೇಟೆಯ ವಾರ ಬೇರೆ. ಥ್ಯಾಂಕ್ಸ್‌ಗಿವಿಂಗ್‌ಗೆ ಮೊದಲಿನ ಸೋಮವಾರ ರಾಜ್ಯದಲ್ಲಿ ಬಂದೂಕಿನ ಬೇಟೆ ಶುರುವಾಗುತ್ತೆ, ಶಾಲೆಗಳಿಗೂ ರಜ. ನಮ್ಮ ಮ್ಯಾಕ್‌ಡೊವೆಲ್ ಕೌಂಟಿ ಮತ್ತು ಹತ್ತಿರದ ಮೂರು ಕೌಂಟಿಗಳಲ್ಲಿ ಮಾತ್ರ ಜಿಂಕೆಗೆ ಬಂದೂಕು ಎತ್ತುವಂತಿಲ್ಲ, ಬಿಲ್ಲು ಬಾಣ ಮಾತ್ರ. ಹಾಗಂತ ಕಂದು ಬಣ್ಣದ ಕೋಟು ಹಾಕ್ಕೊಂಡು ಕಾಡಿನಲ್ಲಿ ವಾಕಿಂಗ್ ಹೋಗ್ತೀನಿ ಅನ್ನಬೇಡ. ಕಿತ್ತಳೆ ಬಣ್ಣದ ಜಾಕೆಟ್ ಇಟ್ಟಿದ್ದೇನೆ.

ಹಿಮಕ್ಕಿಂತ ನನಗೆ ಒದ್ದೆ ಎಲೆಗಳ ಭಯ ಜಾಸ್ತಿ. ಈ ತಿಂಗಳು ಮರಗಳೆಲ್ಲ ಉದುರಿಸಿದ ಎಲೆ ರಸ್ತೆಗೆ ಅಂಟಿಕೊಂಡು, ಮಳೆ ಬಿದ್ದರೆ ಎಣ್ಣೆ ಸುರಿದ ಹಾಗಾಗುತ್ತೆ. ಸೇತುವೆ ಮೇಲೆ ಇನ್ನೂ ಹುಷಾರು. ಕೆಳಗೂ ಗಾಳಿ ಆಡುವುದರಿಂದ ರಸ್ತೆಗಿಂತ ಮೊದಲು ಸೇತುವೆ ಹೆಪ್ಪುಗಟ್ಟುತ್ತೆ. ಬಿಸಿಲೇ ಕಾಣದ ಬೆಟ್ಟದ ನೆರಳಿನ ತಿರುವುಗಳಲ್ಲಿ ಬೆಳಗಿನ ಐಸು ಮಧ್ಯಾಹ್ನದ ತನಕ ಹಾಗೇ ಕೂತಿರುತ್ತೆ, ಕಣ್ಣಿಗೆ ಬರೀ ಒದ್ದೆ ರಸ್ತೆ ಅನ್ನಿಸುತ್ತೆ. ಮತ್ತೆ, ರಸ್ತೆ ಮೇಲೆ ನೀರು ಹರೀತಿದ್ದರೆ ಎಷ್ಟೇ ಕಡಿಮೆ ಕಂಡರೂ ದಾಟಬೇಡ, ತಿರುಗಿಸಿಕೊಂಡು ಹೋಗು. ಈ ಹಳ್ಳಗಳು ನೋಡೋಕೆ ಬಡಪಾಯಿ. 2025ರ ಫೆಬ್ರವರಿಯಲ್ಲಿ ಇವೇ ಉಕ್ಕಿ ನಮ್ಮ ಕೌಂಟಿಯಲ್ಲಿ ಮನೆಗಳನ್ನೂ ಸೇತುವೆಗಳನ್ನೂ ಕೊಚ್ಚಿಕೊಂಡು ಹೋದವು. ಜೀವಗಳೂ ಹೋದವು. ಇಲ್ಲಿ ಎಷ್ಟೋ ಮನೆಗೆ ಹಳ್ಳ ದಾಟೋಕೆ ಅವರದೇ ಒಂದು ಪುಟ್ಟ ಸೇತುವೆ. ಅದು ಹೋದರೆ ಮನೆ ಇದ್ದೂ ಇಲ್ಲದ ಹಾಗೆ, ಕಾರು ಆ ಕಡೆ, ಜನ ಈ ಕಡೆ.

ದಾರಿಯಲ್ಲಿ ನಾರ್ತ್‌ಫೋರ್ಕ್, ಕೀಸ್ಟೋನ್, ಕಿಂಬಾಲ್ ಅಂತ ಊರುಗಳು ಬರುತ್ತವೆ. ಗಾಜಿಲ್ಲದ ಕಿಟಕಿ, ಬಳ್ಳಿ ಹಬ್ಬಿದ ಇಟ್ಟಿಗೆ ಕಟ್ಟಡ ನೋಡಿ "ಅಯ್ಯೋ" ಅನ್ನಬೇಡ, ಅದರಲ್ಲೂ ಯಾರ ಮುಂದೆಯೂ ಅನ್ನಬೇಡ. 1950ರಲ್ಲಿ ಈ ಕೌಂಟಿಯಲ್ಲಿ 98,887 ಜನ ಇದ್ದರು. 2020ರ ಗಣತಿಯಲ್ಲಿ 19,111. ಗಣಿಗೆ ಯಂತ್ರ ಬಂತು, ಆಮೇಲೆ ಗಣಿಗಳೇ ಮುಚ್ಚಿದವು. ಅಮೆರಿಕದಲ್ಲೇ ಮೊದಲು ಊರಾಡಳಿತ ಕಟ್ಟಿಸಿದ ಪಾರ್ಕಿಂಗ್ ಕಟ್ಟಡ 1941ರಲ್ಲಿ ಎಲ್ಲಿ ಆಯಿತು ಅಂದುಕೊಂಡೆ? ವೆಲ್ಚ್‌ನಲ್ಲಿ. ಅಷ್ಟು ಕಾರುಗಳಿದ್ದವು, ಬೆಟ್ಟದ ಸಂದಿಯಲ್ಲಿ ನಿಲ್ಲಿಸೋಕೆ ಜಾಗ ಇರಲಿಲ್ಲ. ಕಿಂಬಾಲ್‌ನಲ್ಲಿ ಕಂಬಗಳ ದೊಡ್ಡ ಕಟ್ಟಡ ಒಂದಿದೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ನೆನಪಿಗೆ 1928ರಲ್ಲಿ ಕಟ್ಟಿದ್ದು. ಗಣಿ ಕೆಲಸಕ್ಕೆ ಅಂತ ದಕ್ಷಿಣದಿಂದಲೂ, ಯುರೋಪಿನಿಂದಲೂ ಜನ ಬಂದಿದ್ದರು. ಈ ಬೆಟ್ಟದಲ್ಲಿ ಹೊರಗಿನಿಂದ ಬಂದವರು ನಾವೇ ಮೊದಲಲ್ಲ.

ರಸ್ತೆ ಪಕ್ಕ ಎಲ್ಲಾದರೂ ಬೆಟ್ಟದಿಂದ ಪೈಪಿನಲ್ಲಿ ನೀರು ಬೀಳ್ತಿದ್ದು, ಜನ ಕ್ಯಾನ್ ಇಟ್ಟುಕೊಂಡು ನಿಂತಿದ್ದರೆ ನಿಧಾನ ಮಾಡು. ಕೆಲವು ಕಡೆ ನಲ್ಲಿ ನೀರು ನಂಬೋ ಹಾಗಿಲ್ಲ. ಎಟಿವಿ (ಕಾಡುದಾರಿಯ ನಾಲ್ಕು ಚಕ್ರದ ಪುಟ್ಟ ಗಾಡಿ) ಓಡಿಸೋಕೆ ಬಂದ ಪ್ರವಾಸಿಗರೂ ಮೈತುಂಬ ಕೆಸರು ಮಾಡ್ಕೊಂಡು ಊರ ರಸ್ತೆಯಲ್ಲೇ ಬರ್ತಿರ್ತಾರೆ, ಅವರಿಗೂ ಜಾಗ ಬಿಡು. ಗಣಿ ಹೋದ ಮೇಲೆ ಇಲ್ಲಿನ ಲಾಡ್ಜು, ಹೋಟೆಲಿನವರ ಹೊಟ್ಟೆ ತುಂಬಿಸ್ತಿರೋದು ಅವರೇ.

ಹೋದ ವಾರವೂ ಕೇಳಿದೆ, "ಅಪ್ಪ ಯಾಕೆ ಇನ್ನೂ ಅಲ್ಲೇ ಇದ್ದಾರೆ, ಡಲ್ಲಾಸ್‌ಗೆ ವಾಪಸ್ ಬನ್ನಿ" ಅಂತ. ಫೋನಿನಲ್ಲಿ ಸುಮ್ನೆ ನಕ್ಕು ಬಿಟ್ಟೆ, ಈಗ ಹೇಳ್ತೀನಿ. ಅಪ್ಪನ ಕ್ಲಿನಿಕ್ಕಿಗೆ ಬರುವ ಹೊಸ ಪೇಷಂಟು ಮೊದಲು ಕೇಳೋದು ತನ್ನ ಕಾಯಿಲೆ ಬಗ್ಗೆ ಅಲ್ಲ. "ಎಷ್ಟು ದಿನ ಇರ್ತೀರಿ, ಡಾಕ್?" ಅಂತ. ಹೊರದೇಶದಿಂದ ತರಬೇತಿ ವೀಸಾದಲ್ಲಿ ಬಂದ ಡಾಕ್ಟರುಗಳು ವಾಪಸ್ ಹೋಗದೆ ಇಲ್ಲೇ ಉಳಿಯಬೇಕೆಂದರೆ, ಡಾಕ್ಟರುಗಳು ಸಾಲದ ಇಂಥ ಕಡೆ ಮೂರು ವರ್ಷ ಕೆಲಸ ಮಾಡಬೇಕು ಅನ್ನೋ ಪದ್ಧತಿ 1994ರಿಂದ ದೇಶದಲ್ಲೆಲ್ಲ ಇದೆ. ನಮ್ಮ ಕಡೆಯ ಎಷ್ಟೋ ಡಾಕ್ಟರುಗಳು ಹಾಗೇ ಬಂದವರು. ಕೆಲವರು ಉಳಿದರು, ಹಲವರು ಅವಧಿ ಮುಗಿದ ದಿನವೇ ಲಗೇಜು ಕಟ್ಟಿದರು. ಅವರನ್ನು ತಪ್ಪು ಅನ್ನಲಾರೆ, ಮಕ್ಕಳ ಓದು, ಹೆಂಡತಿಯ ಕೆಲಸ ಎಲ್ಲ ಇರುತ್ತೆ. ನಮಗೆ ಅದ್ಯಾವುದೂ ಇಲ್ಲ. ನೀನು ದೊಡ್ಡವಳಾಗಿದ್ದೀಯ. ಕಲ್ಲಿದ್ದಲ ಧೂಳು ತುಂಬಿದ ಶ್ವಾಸಕೋಶ ಇಟ್ಟುಕೊಂಡು, ಈ ರಸ್ತೆಯಲ್ಲಿ ಮುಕ್ಕಾಲು ಗಂಟೆ ಕಾರು ಓಡಿಸಿಕೊಂಡು ಬಂದ ಮುದುಕನಿಗೆ "ಇನ್ನೆರಡು ತಿಂಗಳಲ್ಲಿ ಹೊರಡ್ತೀನಿ" ಅನ್ನೋಕೆ ನಿಮ್ಮಪ್ಪನಿಗೆ ಬಾಯಿ ಬರ್ತಿಲ್ಲ. ನನಗೂ ಇಲ್ಲಿ ಬೇಜಾರಿಲ್ಲ. ಏಪ್ರಿಲ್‌ನಲ್ಲಿ ಬೆಟ್ಟದಲ್ಲಿ ರ‍್ಯಾಂಪ್ಸ್ ಅಂತ ಒಂದು ಕಾಡು ಈರುಳ್ಳಿ ಬರುತ್ತೆ, ಬೆಳ್ಳುಳ್ಳಿಯ ಅಪ್ಪ ಅನ್ನೋ ಹಾಗಿರುತ್ತೆ ಘಾಟು. ಅದರ ಗೊಜ್ಜು ಮಾಡಿ ಅಜ್ಜಿಗೆ ಕೊಟ್ಟಿದ್ದೆ. ಜೋಳದ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು, ಬಾಟ್ಲಿ ತೊಳೆದು ವಾಪಸ್ ಕೊಡುವಾಗ ಒಳಗೆ ಅವರ ಆಪಲ್ ಬಟರ್ (ಸೇಬಿನ ಗಟ್ಟಿ ಜಾಮ್) ತುಂಬಿಸಿದ್ದರು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅಂತ ಇಲ್ಲಿಯೂ ಇದೆ. ಒಂಟಿತನ ಇಲ್ಲ ಅಂತಲ್ಲ. ಕನ್ನಡದಲ್ಲಿ ಹರಟೆ ಹೊಡೆಯೋಕೆ ಒಬ್ಬರೂ ಇಲ್ಲ. ಆದರೆ ಅದಕ್ಕೆ ಡಲ್ಲಾಸೇ ಮದ್ದು ಅಂತ ನನಗನ್ನಿಸಿಲ್ಲ. ಅಲ್ಲಿದ್ದಾಗಲೂ ಎಲ್ಲರಿಗೂ ಪುರುಸೊತ್ತು ಸಿಗ್ತಿದ್ದದ್ದು ಯುಗಾದಿಗೆ, ರಾಜ್ಯೋತ್ಸವಕ್ಕೆ ಮಾತ್ರ. ಈ ಮಾತನ್ನು ನೀನು ಬಂದ ಮೇಲೆ ಮುಂದುವರಿಸೋಣ, ಅಪ್ಪನ ಎದುರಿಗೆ ಬೇಡ.

ಈಗ ಕೆಲಸದ ಮಾತು. ಶಾರ್ಲೆಟ್‌ನಲ್ಲಿ ಇಂಡಿಯನ್ ಅಂಗಡಿಗೆ ಹೋಗಿ ಕರಿಬೇವು ನಾಲ್ಕು ಕಟ್ಟು, ಬ್ಯಾಡಗಿ ಮೆಣಸಿನಕಾಯಿ, ಉದ್ದಿನಬೇಳೆ ದೊಡ್ಡ ಚೀಲ, ಹುಣಸೆಹಣ್ಣು ತಗೋ. ಹುಣಸೆಹಣ್ಣು ಬೀಜ ಇಲ್ಲದ್ದು. ತೆಂಗಿನಕಾಯಿ ಒಳ್ಳೆಯದಿದ್ದರೆ ಎರಡು, ಅಲ್ಲಾಡಿಸಿ ನೋಡಿ ತಗೋ. ಕಾರಿನಲ್ಲಿ ಒಂದು ಕಂಬಳಿ, ಟಾರ್ಚು, ನೀರು, ತಿನ್ನೋಕೆ ಏನಾದರೂ ಇಟ್ಟುಕೋ. ರಸ್ತೆಗೆ ಮರ ಬಿದ್ದರೆ ಯಾರಾದರೂ ಗರಗಸ ತಂದು ಕತ್ತರಿಸುವ ತನಕ ಕಾಯಬೇಕು. ತರುತ್ತಾರೆ, ಇಲ್ಲಿ ಪಿಕಪ್‌ನಲ್ಲಿ ಗರಗಸ ಇಲ್ಲದವರು ಕಡಿಮೆ. ಯಾರಾದರೂ ನಿಲ್ಲಿಸಿ "ಯಾರ ಮನೆಗೆ?" ಅಂತ ಕೇಳಿದರೆ ಡಾಕ್ಟರ ಮಗಳು ಅನ್ನು, ಸಾಕು.

ಬ್ಲೂಫೀಲ್ಡ್‌ನಿಂದ ಫೋನ್ ಮಾಡಿದ ಮೇಲೆ ಒಂದೂವರೆ ಗಂಟೆ ನೋಡ್ತೀವಿ. ಅಷ್ಟರಲ್ಲಿ ಬರದಿದ್ದರೆ ಅಪ್ಪ ಎದುರಿನಿಂದ ಹೊರಡ್ತಾರೆ, ದಾರಿ ಇರೋದು ಒಂದೇ, ಸಿಕ್ಕೇ ಸಿಗ್ತೀಯ. ಬರುವಾಗಲೇ ಹೊತ್ತಾಗಿ ಕತ್ತಲಾಗುವ ಹಾಗಿದ್ದರೆ ಬ್ಲೂಫೀಲ್ಡ್‌ನಲ್ಲೇ ರೂಮು ಮಾಡಿ ಮಲಗು, ಬೆಳಿಗ್ಗೆ ಬಾ. ಹೋಳಿಗೆ ಒಂದು ದಿನ ತಡವಾಗಿ ತಿಂದರೆ ಏನೂ ಕೆಡಲ್ಲ.

ನಿನ್ನ
ಅಮ್ಮ